ಶೀಶೆಯ ಮೇಲಿನ ಅಕ್ಷರ



ಈ ಪಾಠದಲ್ಲಿ ನಾವು ಒಂದು ಸಣ್ಣ ವಸ್ತುವಿನ ಬಗ್ಗೆ ಮಾತಾಡೋಣ. ಅದು ಹೆಬ್ಬೆರಳಿನಷ್ಟು ಉದ್ದ. ಗಾಜಿನಿಂದ ಮಾಡಿದ್ದು. ಅದರ ಬಾಯಿಗೆ ರಬ್ಬರಿನ ಬೂಚು. ಬೂಚಿನ ಮೇಲೆ ತೆಳ್ಳನೆಯ ಲೋಹದ ಟೊಪ್ಪಿಗೆ. ಏನಿರಬಹುದು ಹೇಳ್ರಿ?

ಹೌದು. ಅದು ಔಷಧದ ಸಣ್ಣ ಶೀಶೆ.

ಬಾದಾಮಿಯ ಬನಶಂಕರಿ ಜಾತ್ರೆಯಲ್ಲಿ ಅತ್ತರಿನ ಸಣ್ಣ ಶೀಶೆ ನೋಡಿದ್ದೀರಿ. ಹುನಗುಂದದ ಆಸ್ಪತ್ರೆಯಲ್ಲಿ ಸೂಜಿ ಮಾಡುವಾಗ ಸಿಸ್ಟರ್ ಕೈಯಲ್ಲಿ ಶೀಶೆ ನೋಡಿದ್ದೀರಿ. ಇಳಕಲ್ಲಿನ ಔಷಧ ಅಂಗಡಿಯ ಫ್ರಿಜ್ಜಿನಲ್ಲಿ ಸಾಲಾಗಿ ಇಟ್ಟಿರುತ್ತಾರೆ. ಬಾಗಲಕೋಟೆಯ ದೊಡ್ಡ ದವಾಖಾನೆಯಲ್ಲಂತೂ ದಿನಾ ನೂರಾರು ಶೀಶೆ ಖಾಲಿಯಾಗುತ್ತವೆ.

ಅತ್ತರಿನ ಶೀಶೆ ತಪ್ಪಿದರೆ ಬರೀ ವಾಸನೆ ತಪ್ಪುತ್ತದೆ. ಔಷಧದ ಶೀಶೆ ತಪ್ಪಿದರೆ ಜೀವ ತಪ್ಪುತ್ತದೆ. ಎರಡು ಶೀಶೆ ನೋಡಲು ಒಂದೇ ತರಹ ಇರಬಹುದು. ಒಳಗಿನ ನೀರೂ ಒಂದೇ ತರಹ ಕಾಣಬಹುದು. ಒಂದು ಔಷಧ, ಇನ್ನೊಂದು ವಿಷ ಇರಬಹುದು. ಅದನ್ನು ಹೇಳುವುದು ಯಾವುದು? ಶೀಶೆಯ ಮೇಲೆ ಅಂಟಿಸಿದ ಚೀಟಿ. ಆ ಚೀಟಿಯ ಮೇಲಿನ ಅಕ್ಷರ.

ಮರಳಿನಿಂದ ಗಾಜು

ಬಾದಾಮಿಯ ಕೆಂಪು ಗುಡ್ಡ ನೀವು ನೋಡಿದ್ದೀರಿ. ಅದು ಮರಳುಗಲ್ಲು. ಮರಳಿನ ಕಣಗಳು ಒತ್ತಿ ಒತ್ತಿ ಕಲ್ಲಾದದ್ದು. ಸಾವಿರದ ನಾಲ್ಕುನೂರು ವರ್ಷಗಳ ಹಿಂದೆ ಚಾಲುಕ್ಯರು ಅದೇ ಕಲ್ಲನ್ನು ಕೊರೆದು ಗುಹೆಯ ಗುಡಿ ಮಾಡಿದರು.

ಗಾಜು ಆಗುವುದೂ ಮರಳಿನಿಂದಲೇ. ಆದರೆ ಅದಕ್ಕೆ ಬಿಳಿಯ, ಶುದ್ಧವಾದ ಮರಳು ಬೇಕು. ಅದಕ್ಕೆ ಸೋಡಾ ಮತ್ತು ಸುಣ್ಣದ ಕಲ್ಲು ಸೇರಿಸುತ್ತಾರೆ. ದೊಡ್ಡ ಕುಲುಮೆಯಲ್ಲಿ ಕಾಯಿಸುತ್ತಾರೆ. ಮರಳು ಕರಗಿ ಬೆಲ್ಲದ ಪಾಕದ ಹಾಗೆ ಆಗುತ್ತದೆ. ಅದನ್ನು ಬೇಕಾದ ಆಕಾರಕ್ಕೆ ತಂದು ಆರಿಸಿದರೆ ಗಾಜು.

ಔಷಧದ ಶೀಶೆಗೆ ಸಾದಾ ಗಾಜು ಸಾಲದು. ಸಾದಾ ಗಾಜಿನ ಲೋಟಕ್ಕೆ ಕುದಿಯುವ ನೀರು ಹಾಕಿದರೆ ಚಟ್ಟನೆ ಒಡೆಯುತ್ತದೆ. ಅದರೊಳಗಿನ ಸೋಡಾ ಔಷಧಕ್ಕೆ ಸೇರಿ ಔಷಧ ಕೆಡಲೂಬಹುದು. ಅದಕ್ಕೇ ಮರಳಿನ ಜೊತೆ ಬೋರಾನ್ ಎಂಬ ವಸ್ತುವಿನ ಲವಣ ಸೇರಿಸಿ ಗಟ್ಟಿ ಗಾಜು ಮಾಡುತ್ತಾರೆ. ಜರ್ಮನಿಯ ಒಟ್ಟೊ ಶಾಟ್ ಎಂಬಾತ ನೂರು ವರ್ಷಕ್ಕೂ ಹಿಂದೆ ಇಂಥ ಗಾಜು ಕಂಡುಹಿಡಿದ. ಇದು ಕಾವಿಗೆ ಬೇಗ ಒಡೆಯುವುದಿಲ್ಲ. ಔಷಧವನ್ನೂ ಕೆಡಿಸುವುದಿಲ್ಲ.

ಕೆಲವು ಶೀಶೆ ಕಂದು ಬಣ್ಣದವು. ಯಾಕೆ? ಬೆಳಕು ಬಿದ್ದರೆ ಕೆಲವು ಔಷಧ ಕೆಡುತ್ತವೆ. ಕಂದು ಗಾಜು ಅವಕ್ಕೆ ನೆರಳು ಇದ್ದ ಹಾಗೆ.

ಇನ್ನೊಂದು ತರಹದ ಶೀಶೆ ಇದೆ. ಅದಕ್ಕೆ ಬೂಚೇ ಇಲ್ಲ. ಔಷಧ ತುಂಬಿ, ಕುತ್ತಿಗೆಯನ್ನು ಬೆಂಕಿಯಲ್ಲಿ ಕಾಯಿಸಿ, ಗಾಜಿನಿಂದಲೇ ಬಾಯಿ ಮುಚ್ಚಿರುತ್ತಾರೆ. ಸಿಸ್ಟರ್ ಅದರ ಕುತ್ತಿಗೆ ಟಕ್ ಎಂದು ಮುರಿದು ಔಷಧ ತೆಗೆಯುತ್ತಾರೆ. ಅದಕ್ಕೆ ಆಂಪೂಲ್ ಎನ್ನುತ್ತಾರೆ. 1886ರಲ್ಲಿ ಫ್ರಾನ್ಸ್ ದೇಶದ ಔಷಧಗಾರ ಲಿಮೂಸಾಂ ಇದನ್ನು ಮಾಡಿದ. ಒಂದು ಆಂಪೂಲ್ ಒಡೆದರೆ ಒಂದೇ ಸಲ ಬಳಸಬೇಕು. ಉಳಿದದ್ದನ್ನು ನಾಳೆಗೆ ಇಡಬಾರದು.

ಒಂದು ಶೀಶೆ, ಹತ್ತೊಂಬತ್ತು ಜೀವ

ಶೀಶೆಯ ಬಾಯಿ ಇಷ್ಟು ಬಿಗಿಯಾಗಿ ಯಾಕೆ ಮುಚ್ಚಬೇಕು? ಇದಕ್ಕೆ ಒಂದು ನಿಜವಾದ ಕಥೆ ಇದೆ.

1896ರಲ್ಲಿ ಮುಂಬೈಗೆ ಪ್ಲೇಗ್ ಬಂತು. ಜನ ಹುಳುಗಳ ಹಾಗೆ ಸತ್ತರು. ವಾಲ್ಡೆಮಾರ್ ಹಾಫ್‌ಕಿನ್ ಎಂಬ ವಿಜ್ಞಾನಿ ಮುಂಬೈಯಲ್ಲಿ ಕುಳಿತು ಪ್ಲೇಗಿಗೆ ಲಸಿಕೆ ಮಾಡಿದ. 1897ರ ಜನವರಿಯಲ್ಲಿ ಅದನ್ನು ಮೊದಲು ತನ್ನ ಮೈಗೇ ಚುಚ್ಚಿಕೊಂಡು ನೋಡಿದ. ಮುಂದೆ ಆ ಬೇನೆ ನಮ್ಮ ಕಡೆಗೂ ಬಂತು. 1898ರಲ್ಲಿ ಹುಬ್ಬಳ್ಳಿಯಲ್ಲಿ ಸಾವಿರಾರು ಜನ ಈ ಲಸಿಕೆ ಹಾಕಿಸಿಕೊಂಡರು. ಎಷ್ಟೋ ಜೀವ ಉಳಿದವು.

1902ರ ಅಕ್ಟೋಬರ್ 30ರಂದು ಪಂಜಾಬಿನ ಮುಲ್ಕೋವಾಲ್ ಎಂಬ ಹಳ್ಳಿಯಲ್ಲಿ 107 ಜನಕ್ಕೆ ಈ ಲಸಿಕೆ ಹಾಕಿದರು. ಆ ಊರು ಈಗ ಪಾಕಿಸ್ತಾನದಲ್ಲಿದೆ. ಕೆಲವು ದಿನದಲ್ಲಿ 19 ಜನ ಧನುರ್ವಾಯು ಆಗಿ ಸತ್ತರು. ದೊಡ್ಡ ಗದ್ದಲವಾಯಿತು. ಹಾಫ್‌ಕಿನ್ ಮಾಡಿದ ಲಸಿಕೆಯೇ ಕೆಟ್ಟದ್ದು ಎಂದು ಅವನನ್ನು ಕೆಲಸದಿಂದ ದೂರ ಇಟ್ಟರು.

ಆದರೆ ವಿಚಾರಣೆಯಲ್ಲಿ ಒಂದು ಮಾತು ಹೊರಗೆ ಬಂತು. ಸತ್ತ 19 ಜನಕ್ಕೂ ಲಸಿಕೆ ಹಾಕಿದ್ದು ಒಂದೇ ಶೀಶೆಯಿಂದ. ಆ ಶೀಶೆಯ ಮೇಲೆ 53-ಎನ್ ಎಂದು ಬರೆದಿತ್ತು. ಬೇರೆ ಶೀಶೆಯಿಂದ ಹಾಕಿಸಿಕೊಂಡವರಿಗೆ ಏನೂ ಆಗಿರಲಿಲ್ಲ. ಆ ಶೀಶೆಯ ಬೂಚು ತೆಗೆಯುವಾಗ ಸಹಾಯಕನ ಕೈಯಿಂದ ಚಿಮಟ ನೆಲಕ್ಕೆ ಬಿದ್ದಿತ್ತು. ಅದನ್ನು ಸರಿಯಾಗಿ ಶುದ್ಧ ಮಾಡದೆ ಅದರಿಂದಲೇ ಬೂಚು ಕಿತ್ತಿದ್ದ. ಧನುರ್ವಾಯುವಿನ ರೋಗಾಣು ಇರುವುದು ಮಣ್ಣಿನಲ್ಲಿ. ನೆಲದ ಧೂಳು ಶೀಶೆಯ ಒಳಗೆ ಹೋಗಿತ್ತು.

ಮಲೇರಿಯಾ ಸೊಳ್ಳೆಯಿಂದ ಬರುತ್ತದೆ ಎಂದು ತೋರಿಸಿದ ರೊನಾಲ್ಡ್ ರಾಸ್ ಹಾಫ್‌ಕಿನ್ ಪರವಾಗಿ ಮಾತಾಡಿದರು. 1907ರಲ್ಲಿ ಹಾಫ್‌ಕಿನ್ ಮೇಲಿನ ಅಪವಾದ ಹೋಯಿತು. ಮುಂಬೈಯ ಆ ಸಂಸ್ಥೆಗೆ ಇವತ್ತು ಅವನದೇ ಹೆಸರು.

ಈ ಕಥೆಯಲ್ಲಿ ಎರಡು ಪಾಠ ಇವೆ. ಒಂದು, ಚಿಟಿಕೆ ಧೂಳು ಸಾಕು, ಶೀಶೆ ಕೆಡಲು. ಎರಡು, ಶೀಶೆಯ ಮೇಲೆ ನಂಬರ್ ಬರೆದಿದ್ದರಿಂದಲೇ ತಪ್ಪು ಎಲ್ಲಿ ಆಯಿತೆಂದು ಗೊತ್ತಾಯಿತು. ನಂಬರ್ ಇಲ್ಲದಿದ್ದರೆ ಒಳ್ಳೆಯ ಲಸಿಕೆಗೆಲ್ಲ ಕೆಟ್ಟ ಹೆಸರು ಉಳಿಯುತ್ತಿತ್ತು. ಇವತ್ತಿಗೂ ಪ್ರತಿ ಔಷಧದ ಮೇಲೆ ಬ್ಯಾಚ್ ನಂಬರ್ ಇರುತ್ತದೆ. ಅದು ಇರುವುದು ಇದಕ್ಕಾಗಿಯೇ.

ಅಜ್ಜಿಯ ತೋಳಿನ ಕಲೆ

ನಿಮ್ಮ ಮನೆಯ ಹಿರಿಯರ ತೋಳು ನೋಡ್ರಿ. ರೂಪಾಯಿಯಷ್ಟು ಅಗಲದ ಕಲೆ ಕಾಣುತ್ತದೆ. "ದೇವಿ ಹಾಕಿದ್ದು" ಎನ್ನುತ್ತಾರೆ. ಅದು ಸಿಡುಬಿನ ಲಸಿಕೆಯ ಗುರುತು.

ಮೊದಲು ಈ ಲಸಿಕೆ ಬಿಸಿಲಿಗೆ ಬೇಗ ಕೆಡುತ್ತಿತ್ತು. ಆಮೇಲೆ ಅದನ್ನು ತಂಪಿನಲ್ಲಿ ಒಣಗಿಸಿ ಪುಡಿ ಮಾಡಿ ಗಾಜಿನ ಸಣ್ಣ ಆಂಪೂಲಿನಲ್ಲಿ ತುಂಬಲು ಕಲಿತರು. ಪುಡಿ ಬಿಸಿಲಿಗೂ ತಾಳಿತು. ಭಾರತದಲ್ಲಿ ಈ ಪುಡಿ ಲಸಿಕೆಯನ್ನು ನಾಲ್ಕು ಕಡೆ ಮಾಡುತ್ತಿದ್ದರು. ಅದರಲ್ಲಿ ಒಂದು ನಮ್ಮ ಬೆಳಗಾವಿ. ಅಲ್ಲಿಯ ಲಸಿಕಾ ಸಂಸ್ಥೆಯಿಂದ ಲಸಿಕೆ ಹೊರಗೆ ಹೋಗುತ್ತಿತ್ತು.

1975ರಲ್ಲಿ ಭಾರತದಲ್ಲಿ ಸಿಡುಬಿನ ಕೊನೆಯ ರೋಗಿ ಕಂಡರು. 1980ರಲ್ಲಿ ಇಡೀ ಜಗತ್ತಿನಿಂದ ಸಿಡುಬು ಹೋಯಿತೆಂದು ಸಾರಿದರು. ಊರಿಗೆ ಊರೇ ಹೆದರುತ್ತಿದ್ದ ಬೇನೆಯನ್ನು ಬೆರಳಿನಷ್ಟು ಗಾಜಿನ ಶೀಶೆಯಲ್ಲಿದ್ದ ಪುಡಿ ಓಡಿಸಿತು.

ಅಕ್ಷರ ಇಲ್ಲದ ಗುರುತು

ಪೋಲಿಯೊ ಹನಿಯ ಶೀಶೆ ಸಹ ಸಣ್ಣದೇ. ಮಗುವಿನ ಬಾಯಿಗೆ ಎರಡೇ ಹನಿ. 2011ರ ಜನವರಿ 13ರ ನಂತರ ಭಾರತದಲ್ಲಿ ಕಾಡು ಪೋಲಿಯೊ ಯಾವ ಮಗುವಿಗೂ ಬಂದಿಲ್ಲ. 2014ರ ಮಾರ್ಚ್ 27ರಂದು ಭಾರತ ಪೋಲಿಯೊ ಮುಕ್ತ ಎಂಬ ಪ್ರಮಾಣಪತ್ರ ಸಿಕ್ಕಿತು.

ಆದರೆ ಈ ಹನಿ ತಂಪಿನಲ್ಲಿ ಇರಬೇಕು. ನಮ್ಮ ಬಾಗಲಕೋಟೆಯ ಬೇಸಿಗೆ ನಿಮಗೆ ಗೊತ್ತಿದೆ. ಬಿಸಿಲಿಗೆ ಸಿಕ್ಕರೆ ಹನಿ ಕೆಡುತ್ತದೆ. ಕೆಟ್ಟರೂ ನೋಡಲು ಮೊದಲಿನ ಹಾಗೇ ಇರುತ್ತದೆ. ಹಾಗಾದರೆ ತಿಳಿಯುವುದು ಹೇಗೆ?

ಅದಕ್ಕೆ ವಿಜ್ಞಾನಿಗಳು ಒಂದು ಉಪಾಯ ಮಾಡಿದರು. 1996ರಿಂದ ಪೋಲಿಯೊ ಶೀಶೆಯ ಮೇಲೆ ಒಂದು ಗುರುತು ಹಾಕಲು ಶುರು ಮಾಡಿದರು. ಒಂದು ಬಣ್ಣದ ದುಂಡು ಚಕ್ರ. ಚಕ್ರದ ನಡುವೆ ಒಂದು ಚೌಕ. ಚೌಕ ಮೊದಲು ಬೆಳ್ಳಗೆ ಇರುತ್ತದೆ. ಶೀಶೆಗೆ ಕಾವು ತಗಲಿದ ಹಾಗೆಲ್ಲ ಚೌಕ ಕಪ್ಪಾಗುತ್ತ ಹೋಗುತ್ತದೆ.

ಓದುವ ರೀತಿ ಹೀಗೆ:

ಚೌಕ ಚಕ್ರಕ್ಕಿಂತ ಬೆಳ್ಳಗಿದ್ದರೆ, ಕಾವಿನಿಂದ ಕೆಟ್ಟಿಲ್ಲ. ತಾರೀಖು ಮುಗಿಯದಿದ್ದರೆ ಬಳಸಬಹುದು.
ಚೌಕ, ಚಕ್ರ ಎರಡೂ ಒಂದೇ ಬಣ್ಣ ಆಗಿದ್ದರೆ, ಬಳಸಬಾರದು.
ಚೌಕ ಚಕ್ರಕ್ಕಿಂತ ಕಪ್ಪಗಿದ್ದರೆ, ಬಳಸಬಾರದು.

ಒಮ್ಮೆ ಕಪ್ಪಾದ ಚೌಕ ಮತ್ತೆ ಫ್ರಿಜ್ಜಿನಲ್ಲಿ ಇಟ್ಟರೂ ಬೆಳ್ಳಗಾಗುವುದಿಲ್ಲ. ಅದು ಸುಳ್ಳು ಹೇಳುವುದಿಲ್ಲ. ಈಗ ಬೇರೆ ಲಸಿಕೆಗಳ ಮೇಲೂ ಈ ಗುರುತು ಇರುತ್ತದೆ. ಅಂಗನವಾಡಿಗೆ ಮಗುವನ್ನು ಕರೆದುಕೊಂಡು ಹೋದಾಗ ನೀವೂ ಕೇಳಿ ನೋಡ್ರಿ. "ಸಿಸ್ಟರ್, ಶೀಶೆಯ ಚೌಕ ತೋರಸ್ರಿ" ಅಂದರೆ ಅವರು ಸಂತೋಷದಿಂದ ತೋರಿಸುತ್ತಾರೆ.

ಕೆಲವು ಲಸಿಕೆ ಪುಡಿಯ ರೂಪದಲ್ಲಿ ಇರುತ್ತವೆ. ದಡಾರ-ರುಬೆಲ್ಲಾ ಲಸಿಕೆ ಅಂಥದ್ದು. ಅದಕ್ಕೆ ಅದರದೇ ನೀರು ಬೆರೆಸಬೇಕು. ಬೆರೆಸಿದ ಮೇಲೆ ನಾಲ್ಕು ತಾಸಿನೊಳಗೆ ಮುಗಿಸಬೇಕು. ಉಳಿದರೆ ಚೆಲ್ಲಬೇಕು. ಅದಕ್ಕೇ ಸಿಸ್ಟರ್ ಬೆರೆಸಿದ ಸಮಯವನ್ನು ಶೀಶೆಯ ಮೇಲೆ ಪೆನ್ನಿನಿಂದ ಬರೆಯುತ್ತಾರೆ. "ಇಷ್ಟು ಉಳದೈತಿ, ಯಾಕ ಚೆಲ್ಲತೀರಿ?" ಎಂದು ಕೇಳಬೇಡಿ. ಚೆಲ್ಲುವುದೇ ಸರಿ.

ಹಾವು ಕಚ್ಚಿದಾಗ ಹತ್ತು ಶೀಶೆ

ನಮ್ಮದು ಹೊಲದ ಬದುಕು. ಶೇಂಗಾ ಕೀಳುವಾಗ, ಕಣಿಕಿಯ ಬಣವೆಗೆ ಕೈ ಹಾಕುವಾಗ, ರಾತ್ರಿ ನೀರು ಹಾಯಿಸುವಾಗ ಹಾವಿನ ಭಯ ಇದ್ದೇ ಇರುತ್ತದೆ. ಜೀವ ತೆಗೆಯುವ ಮುಖ್ಯ ಹಾವು ನಾಲ್ಕು. ನಾಗರಹಾವು, ಕಟ್ಟುಹಾವು, ಕೊಳಕುಮಂಡಲ, ಗರಗಸ ಮಂಡಲ. ಕಟ್ಟುಹಾವು ರಾತ್ರಿ ನೆಲದ ಮೇಲೆ ಮಲಗಿದವರನ್ನು ಕಚ್ಚುತ್ತದೆ. ಕಚ್ಚಿದ್ದು ಎಷ್ಟೋ ಸಲ ಗೊತ್ತೇ ಆಗುವುದಿಲ್ಲ.

ಈ ನಾಲ್ಕೂ ಹಾವಿನ ವಿಷಕ್ಕೆ ಒಂದೇ ಮದ್ದು ಇದೆ. ಅದನ್ನು ಹೀಗೆ ಮಾಡುತ್ತಾರೆ. ಹಾವಿನ ವಿಷವನ್ನು ತೀರ ಸ್ವಲ್ಪ ಸ್ವಲ್ಪ ಕುದುರೆಗೆ ಚುಚ್ಚುತ್ತಾರೆ. ಕುದುರೆಯ ರಕ್ತದಲ್ಲಿ ವಿಷವನ್ನು ಎದುರಿಸುವ ಶಕ್ತಿ ಬೆಳೆಯುತ್ತದೆ. ಆ ರಕ್ತದಿಂದ ಮದ್ದು ತೆಗೆದು, ಒಣಗಿಸಿ, ಶೀಶೆಯಲ್ಲಿ ತುಂಬುತ್ತಾರೆ. ಪುಡಿಗೆ ಹತ್ತು ಮಿಲಿ ಶುದ್ಧ ನೀರು ಬೆರೆಸಿ, ಸಲೈನಿನ ಜೊತೆ ರಕ್ತನಾಳಕ್ಕೆ ಕೊಡುತ್ತಾರೆ.

ವಿಷ ಏರಿದ ಲಕ್ಷಣ ಕಂಡರೆ ಡಾಕ್ಟರು ಸಾಮಾನ್ಯವಾಗಿ ಮೊದಲು ಹತ್ತು ಶೀಶೆ ಕೊಡುತ್ತಾರೆ. "ಒಂದ ಸೂಜಿ ಸಾಲೂದಿಲ್ಲೇನ್ರಿ?" ಎಂದು ಜನ ಕೇಳುತ್ತಾರೆ. ನಾವು ಲೆಕ್ಕ ಮಾಡಿ ನೋಡೋಣ.

ಕೊಳಕುಮಂಡಲ ಒಂದು ಸಲ ಕಚ್ಚಿದರೆ ಸರಾಸರಿ 63 ಮಿಲಿಗ್ರಾಂ ವಿಷ ಬಿಡುತ್ತದೆ. ಒಂದು ಮಿಲಿ ಮದ್ದು 0.6 ಮಿಲಿಗ್ರಾಂ ವಿಷ ಕಳೆಯುತ್ತದೆ. ಒಂದು ಶೀಶೆಯಲ್ಲಿ ಹತ್ತು ಮಿಲಿ. ಅಂದರೆ ಒಂದು ಶೀಶೆ 6 ಮಿಲಿಗ್ರಾಂ ವಿಷ ಕಳೆಯುತ್ತದೆ. ಹತ್ತು ಶೀಶೆ 60 ಮಿಲಿಗ್ರಾಂ. ಈಗ ತಿಳಿಯಿತಲ್ಲ? ಕೂಸಿಗೆ ಕಚ್ಚಿದರೂ ಅಷ್ಟೇ ಶೀಶೆ ಬೇಕು. ಯಾಕೆಂದರೆ ಹಾವು ಕೂಸು ಎಂದು ವಿಷ ಕಡಿಮೆ ಬಿಡುವುದಿಲ್ಲ.

ಆದ್ದರಿಂದ ಹಾವು ಕಚ್ಚಿದರೆ ಮಂತ್ರದವರ ಮನೆ ಹುಡುಕಬೇಡಿ. ಬಿಗಿಯಾಗಿ ಹಗ್ಗ ಕಟ್ಟಬೇಡಿ. ಬ್ಲೇಡಿನಿಂದ ಕೊಯ್ಯಬೇಡಿ. ಬಾಯಿಯಿಂದ ಹೀರಬೇಡಿ. ಬಳೆ, ಉಂಗುರ, ಕಾಲುಂಗುರ ತೆಗೆಯಿರಿ. ಎಲುಬು ಮುರಿದಾಗ ಮಾಡುವ ಹಾಗೆ ಕೈಕಾಲು ಅಲ್ಲಾಡದಂತೆ ಪಟ್ಟಿ ಇಟ್ಟು ಕಟ್ಟಿರಿ. ನಡೆಸಬೇಡಿ. 108ಕ್ಕೆ ಫೋನ್ ಮಾಡಿ. ಇಲ್ಲವೇ ಸಿಕ್ಕ ಗಾಡಿಯಲ್ಲಿ ಸರ್ಕಾರಿ ದವಾಖಾನೆಗೆ ಓಡಿರಿ. ಶೀಶೆ ಇರುವುದು ಅಲ್ಲಿ. 2024ರ ಫೆಬ್ರವರಿಯಲ್ಲಿ ಕರ್ನಾಟಕ ಸರ್ಕಾರ ಒಂದು ನಿಯಮ ಮಾಡಿತು. ಹಾವು ಕಚ್ಚಿದ ಪ್ರತಿ ಪ್ರಕರಣವನ್ನೂ ಆಸ್ಪತ್ರೆಯವರು ಸರ್ಕಾರಕ್ಕೆ ತಿಳಿಸಲೇಬೇಕು.

ಸಕ್ಕರೆ ಕಾಯಿಲೆ: 40 ಮತ್ತು 100

ಇನ್ನೊಂದು ಶೀಶೆ ನಮ್ಮ ಮನೆಯೊಳಗೇ ಬಂದಿದೆ. ಅದು ಇನ್ಸುಲಿನ್. 1922ರ ಜನವರಿಯಲ್ಲಿ ಕೆನಡಾ ದೇಶದ 14 ವರ್ಷದ ಒಬ್ಬ ಹುಡುಗನಿಗೆ ಮೊದಲ ಸಲ ಇದನ್ನು ಕೊಟ್ಟರು. ಸಾಯುವ ಸ್ಥಿತಿಯಲ್ಲಿದ್ದ ಹುಡುಗ ಬದುಕಿದ.

ಇಳಕಲ್ಲಿನ ಒಬ್ಬ ನೇಕಾರ ಅಜ್ಜಿ ಇದ್ದಾಳೆ ಎಂದು ಇಟ್ಟುಕೊಳ್ಳೋಣ. ಅವಳಿಗೆ ದಿನಾ 20 ಯೂನಿಟ್ ಇನ್ಸುಲಿನ್ ಬೇಕು. ಅಂಗಡಿಯಲ್ಲಿ ಎರಡು ತರಹದ ಶೀಶೆ ಸಿಗುತ್ತವೆ. ಒಂದರ ಮೇಲೆ 40 ಎಂದು ಬರೆದಿರುತ್ತದೆ. ಅದರ ಒಂದು ಮಿಲಿಯಲ್ಲಿ 40 ಯೂನಿಟ್. ಇನ್ನೊಂದರ ಮೇಲೆ 100. ಅದರ ಒಂದು ಮಿಲಿಯಲ್ಲಿ 100 ಯೂನಿಟ್. ಸಿರಿಂಜಿಗೂ ಹಾಗೇ ಎರಡು ತರಹ. 40ರ ಸಿರಿಂಜಿಗೆ ಸಾಮಾನ್ಯವಾಗಿ ಕೆಂಪು ಟೊಪ್ಪಿಗೆ. 100ರ ಸಿರಿಂಜಿಗೆ ಕಿತ್ತಳೆ ಟೊಪ್ಪಿಗೆ.

ಅಜ್ಜಿಯ ಹತ್ತಿರ 40ರ ಸಿರಿಂಜ್ ಇದೆ. ಮೊಮ್ಮಗ ಗೊತ್ತಿಲ್ಲದೆ 100ರ ಶೀಶೆ ತಂದ. ಅಜ್ಜಿ ಎಂದಿನ ಹಾಗೆ 20ರ ಗೆರೆಯವರೆಗೆ ಎಳೆದಳು. ಅವಳ ಮೈಗೆ ಹೋದದ್ದು 20 ಅಲ್ಲ, 50 ಯೂನಿಟ್! ಸಕ್ಕರೆ ಒಮ್ಮೆಲೇ ಇಳಿಯುತ್ತದೆ. ಬೆವರು ಬರುತ್ತದೆ, ಕೈ ನಡುಗುತ್ತದೆ, ಕಣ್ಣು ಕತ್ತಲೆಯಾಗುತ್ತದೆ. ಎಚ್ಚರ ತಪ್ಪಿ ಜೀವಕ್ಕೂ ಅಪಾಯ. "ಅತಿಯಾದರೆ ಅಮೃತವೂ ವಿಷ" ಎಂಬ ಗಾದೆ ಸುಳ್ಳಲ್ಲ.

ಎರಡು ಅಂಕಿ ಓದಲು ಬಂದಿದ್ದರೆ ಅಜ್ಜಿ ಉಳಿಯುತ್ತಿದ್ದಳು. ಶೀಶೆಯ ಅಂಕಿ, ಸಿರಿಂಜಿನ ಅಂಕಿ ಒಂದೇ ಇರಬೇಕು. ಇಷ್ಟೇ ನೋಡುವುದು.

ಮನೆಯಲ್ಲಿ ಫ್ರಿಜ್ ಇಲ್ಲದವರು ಬಳಸುತ್ತಿರುವ ಶೀಶೆಯನ್ನು ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ, ಒಂದು ಡಬ್ಬಿಯಲ್ಲಿ ಹಾಕಿ, ನೀರಿನ ಮಣ್ಣಿನ ಗಡಿಗೆಯಲ್ಲಿ ಇಡಬಹುದು. ಬಿಸಿಲಿನಲ್ಲಿ, ಒಲೆಯ ಹತ್ತಿರ ಇಡಬಾರದು.

ಕಥೆಯಲ್ಲಿಯೂ ಶೀಶೆ

ಶೀಶೆ ದವಾಖಾನೆಯಲ್ಲಿ ಮಾತ್ರ ಇಲ್ಲ. ಕಥೆ, ನಾಟಕಗಳಲ್ಲಿಯೂ ಇದೆ. ಕಂಪನಿ ನಾಟಕ ನೋಡಿದವರಿಗೆ ಗೊತ್ತು. ಖಳನಾಯಕ ಕೋಟಿನ ಕಿಸೆಯಿಂದ ಸಣ್ಣ ಶೀಶೆ ತೆಗೆದರೆ ಸಾಕು, ಜನ ಉಸಿರು ಬಿಗಿ ಹಿಡಿಯುತ್ತಾರೆ.

ಇಂಗ್ಲಿಷಿನಲ್ಲಿ 1865ರಲ್ಲಿ ಮಕ್ಕಳಿಗಾಗಿ ಒಂದು ಪುಸ್ತಕ ಬಂತು. ಆಲಿಸ್ ಎಂಬ ಹುಡುಗಿಯ ಕಥೆ. ನಾ. ಕಸ್ತೂರಿಯವರು ಅದನ್ನು 'ಪಾತಾಳದಲ್ಲಿ ಪಾಪಚ್ಚಿ' ಎಂದು ಕನ್ನಡಕ್ಕೆ ತಂದರು. ಆ ಕಥೆಯಲ್ಲಿ ಹುಡುಗಿಗೆ ಒಂದು ಶೀಶೆ ಸಿಗುತ್ತದೆ. ಕುಡಿ ಎಂದು ಅದರ ಚೀಟಿಯಲ್ಲಿ ಬರೆದಿರುತ್ತದೆ. ಹುಡುಗಿ ಗಟಗಟ ಕುಡಿಯುವುದಿಲ್ಲ. ವಿಷ ಎಂದು ಎಲ್ಲಾದರೂ ಬರೆದಿದೆಯೇ ಎಂದು ಮೊದಲು ಹುಡುಕುತ್ತಾಳೆ. ಬರೆದಿಲ್ಲ ಎಂದು ಕುಡಿಯುತ್ತಾಳೆ. ಕುಡಿದ ಕೂಡಲೇ ಗೇಣಿನಷ್ಟು ಗಿಡ್ಡ ಆಗುತ್ತಾಳೆ! ಓದಿದ್ದು ಒಳ್ಳೆಯದಾಯಿತು. ಆದರೆ ಅರ್ಧ ಓದಿದಳು. ವಿಷ ಎಂದು ಬರೆಯದಿದ್ದರೆ ಒಳ್ಳೆಯದು ಎಂದು ಅರ್ಥವಲ್ಲ. ಒಳಗೆ ಏನಿದೆ ಎಂದು ಬರೆದಿರಬೇಕು.

ಶೇಕ್ಸ್‌ಪಿಯರ್ ಬರೆದ ರೋಮಿಯೊ ಮತ್ತು ಜೂಲಿಯೆಟ್ ನಾಟಕದಲ್ಲಿ ಇನ್ನೊಂದು ಶೀಶೆ. ಜೂಲಿಯೆಟ್ಟಿಗೆ ಒಬ್ಬ ಸನ್ಯಾಸಿ ಔಷಧ ಕೊಡುತ್ತಾನೆ. ಅದನ್ನು ಕುಡಿದರೆ 42 ತಾಸು ಸತ್ತ ಹಾಗೆ ಕಾಣುತ್ತಾಳೆ, ಆಮೇಲೆ ಏಳುತ್ತಾಳೆ. ಈ ಗುಟ್ಟನ್ನು ರೋಮಿಯೊಗೆ ತಿಳಿಸಲು ಸನ್ಯಾಸಿ ಪತ್ರ ಬರೆದು ಕಳಿಸುತ್ತಾನೆ. ಆದರೆ ಊರಲ್ಲಿ ಪ್ಲೇಗ್. ಪತ್ರ ಒಯ್ಯುವವನನ್ನು ಒಂದು ಮನೆಯಲ್ಲಿ ಕೂಡಿಹಾಕುತ್ತಾರೆ. ಪತ್ರ ಮುಟ್ಟುವುದಿಲ್ಲ. ಜೂಲಿಯೆಟ್ ನಿಜವಾಗಿ ಸತ್ತಳೆಂದು ತಿಳಿದು ರೋಮಿಯೊ ವಿಷ ಕುಡಿದು ಸಾಯುತ್ತಾನೆ. ಎದ್ದು ನೋಡಿದ ಜೂಲಿಯೆಟ್ಟೂ ಸಾಯುತ್ತಾಳೆ.

ಶೀಶೆ ಮುಟ್ಟಿತು, ಅಕ್ಷರ ಮುಟ್ಟಲಿಲ್ಲ. ಎರಡು ಜೀವ ಹೋದವು.

ಚೀಟಿ ಇಲ್ಲದ ಶೀಶೆ

ಇದು ಬರೀ ನಾಟಕ ಅಲ್ಲ. ನಮ್ಮ ಮನೆಗಳಲ್ಲಿಯೂ ನಡೆಯುತ್ತದೆ. ಬೆಳೆಗೆ ಹೊಡೆಯುವ ಎಣ್ಣೆ ಸ್ವಲ್ಪ ಉಳಿದಿರುತ್ತದೆ. ಅದನ್ನು ಕೆಮ್ಮಿನ ಔಷಧದ ಖಾಲಿ ಶೀಶೆಗೆ ಹಾಕಿ ಮಾಡದಲ್ಲಿ ಇಡುತ್ತಾರೆ. ರಾತ್ರಿ ಕರೆಂಟ್ ಇರುವುದಿಲ್ಲ. ಮಗು ಕೆಮ್ಮುತ್ತದೆ. ತಾಯಿ ಕತ್ತಲಲ್ಲಿ ಶೀಶೆ ತೆಗೆಯುತ್ತಾಳೆ. ಮುಂದಿನದು ಹೇಳುವುದು ಬೇಡ.

ಬೆಳೆಗೆ ಹೊಡೆಯುವ ಎಣ್ಣೆಯನ್ನು ಅದರದೇ ಡಬ್ಬಿಯಲ್ಲಿ ಇಡಿ. ಆ ಡಬ್ಬಿಯ ಮೇಲೆ ಬಣ್ಣದ ಮುಕ್ಕೋನ ಇರುತ್ತದೆ. ಕೆಂಪು ಇದ್ದರೆ ಎಲ್ಲಕ್ಕಿಂತ ಹೆಚ್ಚು ವಿಷ. ಆಮೇಲೆ ಹಳದಿ, ಆಮೇಲೆ ನೀಲಿ, ಕೊನೆಗೆ ಹಸಿರು. ಹಸಿರು ಎಂದರೂ ವಿಷವೇ. ಚೀಟಿ ಹರಿದುಹೋದ ಔಷಧ ಇದ್ದರೆ, ಎಷ್ಟೇ ದುಡ್ಡು ಕೊಟ್ಟಿದ್ದರೂ, ಬಳಸಬೇಡಿ.

ನೆನಪಿಡಿ

1. ಔಷಧ ತೆಗೆದುಕೊಳ್ಳುವ ಮೊದಲು ಹೆಸರು ಓದಿ. ಇಂಗ್ಲಿಷಿನಲ್ಲಿ ಇದ್ದರೆ ಓದಿಸಿ ಕೇಳಿ.
2. ಎಕ್ಸ್‌ಪೈರಿ ಎಂದರೆ ಮುಗಿಯುವ ದಿನ. 08/2027 ಎಂದಿದ್ದರೆ 2027ರ ಆಗಸ್ಟ್ ಕೊನೆಯವರೆಗೆ ಮಾತ್ರ.
3. ಇಂಗ್ಲಿಷ್ ಬರದಿದ್ದರೂ ಅಂಕಿ ಓದಬಹುದು.
4. ಲಸಿಕೆಯ ಶೀಶೆಯ ಚೌಕ ನೋಡಿ.
5. ಖಾಲಿ ಶೀಶೆ ಮಕ್ಕಳ ಆಟಕ್ಕೆ ಕೊಡಬೇಡಿ. ಬಳಸಿದ ಸೂಜಿಯನ್ನು ಗಟ್ಟಿ ಪ್ಲಾಸ್ಟಿಕ್ ಬಾಟಲಿಯಲ್ಲಿ ಹಾಕಿ ಆರೋಗ್ಯ ಕೇಂದ್ರಕ್ಕೆ ಕೊಡಿ.

"ನಮಗೇನ್ ತಿಳೀತೈತ್ರಿ, ಡಾಕ್ಟರಿಗೆ ಗೊತ್ತು" ಎಂದು ಸುಮ್ಮನಿರಬೇಡಿ. "ಈ ಔಷಧದ ಹೆಸರೇನ್ರಿ? ತಾರೀಖು ಮುಗದಿಲ್ಲ ಹೌದಲ್ರಿ?" ಎಂದು ಕೇಳಿ. ಕೇಳುವುದು ನಾಚಿಕೆಯಲ್ಲ. ನೀವು ಅಕ್ಷರ ಕಲಿತಿದ್ದೀರಿ. ಹೆಸರು ಬರೆಯಲು, ಬಸ್ಸಿನ ಬೋರ್ಡು ಓದಲು ಮಾತ್ರ ಅಲ್ಲ ಅದು. ಮನೆಯವರ ಜೀವ ಕಾಯಲೂ ಬೇಕು.

ಕೂಡಿ ಮಾತಾಡೋಣ

1. ನಿಮ್ಮ ಮನೆಯಲ್ಲಿ ಎಷ್ಟು ಔಷಧದ ಶೀಶೆ ಇವೆ? ಅವುಗಳ ಮುಗಿಯುವ ದಿನ ಓದಿ ಬರೆಯಿರಿ.
2. ಚೌಕ ಮತ್ತು ಚಕ್ರ ಒಂದೇ ಬಣ್ಣ ಆದರೆ ಏನು ಅರ್ಥ?
3. ಒಂದು ಶೀಶೆ 6 ಮಿಲಿಗ್ರಾಂ ವಿಷ ಕಳೆದರೆ 48 ಮಿಲಿಗ್ರಾಂ ವಿಷಕ್ಕೆ ಎಷ್ಟು ಶೀಶೆ ಬೇಕು?
4. ನಿಮ್ಮ ಊರಿಗೆ ಹತ್ತಿರದ ಯಾವ ದವಾಖಾನೆಯಲ್ಲಿ ಹಾವಿನ ವಿಷದ ಮದ್ದು ಇದೆ? ಈ ವಾರ ಆಶಾ ಕಾರ್ಯಕರ್ತೆಯನ್ನು ಕೇಳಿ ತಿಳಿದು, ಗೋಡೆಯ ಮೇಲೆ ದೊಡ್ಡ ಅಕ್ಷರದಲ್ಲಿ ಬರೆಯಿರಿ.